ಒಗ್ಗದಿರುವುದೇ ಬೇರೆ, ಅಲರ್ಜಿಯೇ ಬೇರೆ

ನಮ್ಮ ನಗರದ ಮಾತಿನಲ್ಲಿ 'ಅಲರ್ಜಿ'ಯಷ್ಟು ಧಾರಾಳವಾಗಿ ಬಳಕೆಯಾಗುತ್ತಿರುವ ವೈದ್ಯಕೀಯ ಪದ ಮತ್ತೊಂದಿಲ್ಲವೇನೋ. ಬದನೆಕಾಯಿ ತಿಂದರೆ ನಾಲಿಗೆ ತುರಿಸುವವರಿಗೂ ಅಲರ್ಜಿ, ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರಿಗೂ ಅಲರ್ಜಿ, ಕಡಲೆಬೇಳೆ ಅರಗದವರಿಗೂ ಅಲರ್ಜಿ. ಇಷ್ಟವಿಲ್ಲದ ನೆಂಟರನ್ನು ಕಂಡರೂ ಅಲರ್ಜಿಯೇ. ಪದಗಳು ಹೀಗೆ ಸವೆಯುವುದು ಭಾಷೆಗೆ ಹೊಸದಲ್ಲ. ಆದರೆ ಈ ಪದ ಸವೆದಾಗ ಅದರ ಬೆಲೆ ತೆರಬೇಕಾದವರು ಬೇರೆಯೇ ಇದ್ದಾರೆ. ನಿಜವಾದ ಅಲರ್ಜಿ ಇರುವ ವ್ಯಕ್ತಿಯ ಮಾತನ್ನು ಯಾರೂ ಗಂಭೀರವಾಗಿ ಪರಿಗಣಿಸದ ಸ್ಥಿತಿ ಬಂದಿದೆ.

ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ 1906ರಲ್ಲಿ ಈ ಪದವನ್ನು ಟಂಕಿಸಿದಾಗ ಅದರ ಅರ್ಥ ವಿಶಾಲವಾಗಿಯೇ ಇತ್ತು. 1960ರ ದಶಕದಲ್ಲಿ 'ಐಜಿಇ' ಎಂಬ ಪ್ರತಿಕಾಯ ಪತ್ತೆಯಾದ ಮೇಲೆ ಚಿತ್ರ ಸ್ಪಷ್ಟವಾಯಿತು. ನಿರುಪದ್ರವಿಯಾದ ಆಹಾರದಲ್ಲಿನ ಪ್ರೊಟೀನನ್ನು ದೇಹದ ರೋಗನಿರೋಧಕ ವ್ಯವಸ್ಥೆ ಶತ್ರುವೆಂದು ಭ್ರಮಿಸಿ ಅದರ ವಿರುದ್ಧ ಈ ಪ್ರತಿಕಾಯವನ್ನು ಸಜ್ಜುಗೊಳಿಸಿಕೊಳ್ಳುತ್ತದೆ. ಮುಂದೆ ಅದೇ ಆಹಾರ ಒಳಹೊಕ್ಕಾಗ ಹಿಸ್ಟಮಿನ್ ಮೊದಲಾದ ರಾಸಾಯನಿಕಗಳು ಒಮ್ಮೆಲೇ ಬಿಡುಗಡೆಯಾಗುತ್ತವೆ. ಕೆಲವೇ ನಿಮಿಷಗಳಲ್ಲಿ, ಸಾಮಾನ್ಯವಾಗಿ ಎರಡು ಗಂಟೆಗಳೊಳಗೆ, ಮೈಮೇಲೆ ದದ್ದು ಏಳುತ್ತವೆ, ತುಟಿ ಊದುತ್ತದೆ, ವಾಂತಿಯಾಗುತ್ತದೆ. ಉಸಿರಾಟ ಕಟ್ಟಿ ರಕ್ತದೊತ್ತಡ ಕುಸಿಯುವ 'ಅನಾಫಿಲ್ಯಾಕ್ಸಿಸ್' ಎಂಬ ಸ್ಥಿತಿಗೆ ತಲುಪಿದರೆ ಪ್ರಾಣಕ್ಕೇ ಅಪಾಯ.

ಆಹಾರ ಒಗ್ಗದಿರುವುದು ಇದಲ್ಲ. ಅಲ್ಲಿ ರೋಗನಿರೋಧಕ ವ್ಯವಸ್ಥೆಯ ಪಾತ್ರವಿಲ್ಲ. ಬಹುಪಾಲು ಅದು ಜೀರ್ಣಕ್ರಿಯೆಯ ತಕರಾರು. ಹಾಲಿನಲ್ಲಿರುವ ಲ್ಯಾಕ್ಟೋಸ್ ಎಂಬ ಸಕ್ಕರೆಯನ್ನು ಅರಗಿಸಲು ಲ್ಯಾಕ್ಟೇಸ್ ಎಂಬ ಕಿಣ್ವ ಬೇಕು. ಎಳವೆ ಕಳೆದಂತೆ ಈ ಕಿಣ್ವ ಕ್ಷೀಣಿಸುವುದು ಜಗತ್ತಿನ ಬಹುಪಾಲು ಜನರಲ್ಲಿ ಸಹಜ. ನಮ್ಮ ದೇಶದಲ್ಲಿ ಉತ್ತರದವರಿಗಿಂತ ದಕ್ಷಿಣದವರಲ್ಲಿ ಇದು ಹೆಚ್ಚು. ಅರಗದ ಸಕ್ಕರೆ ದೊಡ್ಡ ಕರುಳು ಸೇರಿ ಹುಳಿತು, ಹೊಟ್ಟೆ ಉಬ್ಬರಿಸಿ, ಭೇದಿಯಾಗುತ್ತದೆ. ಯಾತನೆ ಸುಳ್ಳಲ್ಲ. ಆದರೆ ಅದರಿಂದ ಪ್ರಾಣ ಹೋಗುವುದಿಲ್ಲ.

ವ್ಯತ್ಯಾಸವನ್ನು ತಿಳಿಯಲು ಒಂದು ಲೋಟ ಮಜ್ಜಿಗೆ ಸಾಕು. ಲ್ಯಾಕ್ಟೋಸ್ ಒಗ್ಗದವರಿಗೆ ಮಜ್ಜಿಗೆ ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ಹೆಪ್ಪಿನ ಬ್ಯಾಕ್ಟೀರಿಯಾಗಳು ಆ ಸಕ್ಕರೆಯ ಒಂದಷ್ಟು ಭಾಗವನ್ನು ಮೊದಲೇ ತಿಂದು ಮುಗಿಸಿರುತ್ತವೆ. ಇಂಥವರಲ್ಲಿ ಅನೇಕರು ಊಟದ ಜೊತೆ ಒಂದು ಲೋಟ ಹಾಲನ್ನೂ ತಾಳಿಕೊಳ್ಳಬಲ್ಲರು. ಹಾಲಿನ ಪ್ರೊಟೀನಿಗೆ ಅಲರ್ಜಿ ಇರುವ ಮಗುವಿಗಾದರೋ ಅದೇ ಮಜ್ಜಿಗೆಯ ಒಂದು ಗುಟುಕೂ ಅಪಾಯ. ಹೆಪ್ಪು ಹಾಕಿದರೂ, ಕಡೆದರೂ, ನೀರು ಬೆರೆಸಿದರೂ ಪ್ರೊಟೀನು ಅಲ್ಲಿಯೇ ಇರುತ್ತದೆ. ಒಬ್ಬರಿಗೆ ಪ್ರಮಾಣದ ಪ್ರಶ್ನೆಯಾದದ್ದು ಇನ್ನೊಬ್ಬರಿಗೆ ಇದೆಯೋ ಇಲ್ಲವೋ ಎಂಬ ಪ್ರಶ್ನೆ. ಇಬ್ಬರೂ 'ನನಗೆ ಹಾಲು ಅಲರ್ಜಿ' ಎಂದೇ ಹೇಳಿದರೆ ಬಡಿಸುವವರು ಏನೆಂದು ತಿಳಿಯಬೇಕು?

ಮದುವೆ ಮನೆಯ ಪಂಕ್ತಿಯಲ್ಲಿ ಇದರ ಪರಿಣಾಮ ಕಾಣುತ್ತದೆ. ಒತ್ತಾಯ ಮಾಡಿ ಬಡಿಸುವುದೇ ಉಪಚಾರವೆಂದು ತಿಳಿದ ಸಮಾಜ ನಮ್ಮದು. 'ಒಂದು ಚೂರು ತಿಂದರೆ ಏನೂ ಆಗುವುದಿಲ್ಲ' ಎಂಬ ಮಾತು ಒಗ್ಗದಿರುವವರ ಮಟ್ಟಿಗೆ ಹಲವು ಬಾರಿ ನಿಜವೂ ಹೌದು. ಕಡಲೆಕಾಯಿಯ ಅಲರ್ಜಿ ಇರುವವರ ಮಟ್ಟಿಗೆ ಅದಕ್ಕಿಂತ ಅಪಾಯಕಾರಿ ಮಾತು ಇನ್ನೊಂದಿಲ್ಲ. ಚಟ್ನಿಪುಡಿಯಲ್ಲಿ ಕಡಲೆಕಾಯಿ, ಕುರ್ಮಾದಲ್ಲಿ ರುಬ್ಬಿದ ಗೋಡಂಬಿ, ಮಾರುಕಟ್ಟೆಯ ಪುಡಿ ಇಂಗಿನಲ್ಲಿ ಗೋಧಿ ಹಿಟ್ಟು ಕಣ್ಣಿಗೆ ಕಾಣುವುದಿಲ್ಲ.

ಗೊಂದಲದಿಂದ ನಷ್ಟ ಅನುಭವಿಸುವ ಇನ್ನೊಂದು ವರ್ಗವೂ ಇದೆ. ಅಲರ್ಜಿ ಇಲ್ಲದೆಯೂ ಇದೆಯೆಂದು ನಂಬಿ ಹಾಲು, ಗೋಧಿ, ಬೇಳೆಗಳನ್ನು ಒಂದೊಂದಾಗಿ ತಟ್ಟೆಯಿಂದ ಹೊರಗಿಡುವವರು ಇವರು. ಬೆಳೆಯುವ ಮಕ್ಕಳಿಗೆ ಈ ಪಥ್ಯ ವಿಧಿಸಿದರೆ ಪೌಷ್ಟಿಕಾಂಶದ ಕೊರತೆ ಖಚಿತ. ನಮ್ಮ ರಾಜ್ಯದ ವಯಸ್ಕರನ್ನು ಕುರಿತು 2016ರಲ್ಲಿ ಪ್ರಕಟವಾದ 'ಯೂರೋಪ್ರಿವಾಲ್' ಅಧ್ಯಯನ ಇಲ್ಲಿ ಕಣ್ತೆರೆಸುವಂತಿದೆ. ರಕ್ತಪರೀಕ್ಷೆಯಲ್ಲಿ ಯಾವುದಾದರೊಂದು ಆಹಾರದ ವಿರುದ್ಧ ಐಜಿಇ ಕಂಡುಬಂದವರು ಶೇ 26.5ರಷ್ಟು, ಲಕ್ಷಣಗಳೂ ತಾಳೆಯಾಗಿ ಅಲರ್ಜಿ ಇರಬಹುದೆನಿಸಿದವರು ಕೇವಲ ಶೇ 1.2. ರಕ್ತದಲ್ಲಿ ಪ್ರತಿಕಾಯ ಇದ್ದ ಮಾತ್ರಕ್ಕೆ ರೋಗ ಇದೆಯೆಂದಲ್ಲ. ತಿಂದಾಗ ಏನಾಯಿತು ಎಂಬ ಚರಿತ್ರೆಯಿಲ್ಲದೆ ಪ್ರಯೋಗಾಲಯದ ವರದಿಯೊಂದೇ ತೀರ್ಪು ನೀಡಲಾರದು.

ಹೀಗಿರುವಾಗ ನೂರಾರು ಆಹಾರಗಳ 'ಅಸಹಿಷ್ಣುತೆ'ಯನ್ನು ಒಂದೇ ಬಾರಿಗೆ ಪತ್ತೆ ಹಚ್ಚುವುದಾಗಿ ಹೇಳಿಕೊಳ್ಳುವ ಐಜಿಜಿ ಪರೀಕ್ಷೆಗಳ ಬಗ್ಗೆ ಏನು ಹೇಳೋಣ? ಐಜಿಜಿ ಎಂಬುದು ಬೇರೆಯೇ ಪ್ರತಿಕಾಯ. ಆ ಆಹಾರವನ್ನು ನಾವು ತಿಂದಿದ್ದೇವೆ ಎಂಬುದಷ್ಟೇ ಅದರ ಸೂಚನೆ. ಯುರೋಪಿನ ಅಲರ್ಜಿ ತಜ್ಞರ ಅಕಾಡೆಮಿ 2008ರಲ್ಲಿಯೇ ಇಂಥ ಪರೀಕ್ಷೆ ಬೇಡವೆಂದು ಸ್ಪಷ್ಟವಾಗಿ ಹೇಳಿದೆ. ದಿನಾ ಅನ್ನ ಉಣ್ಣುವವನಿಗೆ ಅನ್ನವೇ ಆಗದು ಎಂಬ ವರದಿಯನ್ನು ದುಡ್ಡು ಕೊಟ್ಟು ಕೊಳ್ಳುವುದು ಯಾವ ಬುದ್ಧಿವಂತಿಕೆ?

ತಿಂದ ಎಷ್ಟು ಹೊತ್ತಿಗೆ ತೊಂದರೆಯಾಯಿತು? ಎಷ್ಟು ತಿಂದಾಗ? ಪ್ರತಿ ಬಾರಿಯೂ ಆಗುತ್ತದೆಯೇ? ಹೊಟ್ಟೆಗೆ ಮಾತ್ರವೋ, ಚರ್ಮ, ಉಸಿರಾಟಗಳಿಗೂ ವ್ಯಾಪಿಸಿತೋ? ಈ ನಾಲ್ಕು ಪ್ರಶ್ನೆಗಳ ಉತ್ತರವನ್ನು ಬರೆದುಕೊಂಡು ವೈದ್ಯರಲ್ಲಿಗೆ ಹೋದರೆ ಅರ್ಧ ಕೆಲಸ ಮುಗಿದಂತೆ. ಅಂತಿಮ ನಿರ್ಣಯ ಅವರದೇ ಆಗಬೇಕು, ಏಕೆಂದರೆ ಶಿಶುಗಳಲ್ಲಿ ತಡವಾಗಿ ಕಾಣಿಸಿಕೊಳ್ಳುವ ಅಲರ್ಜಿಗಳೂ ಉಂಟು. ಗೋಧಿಯ ಗ್ಲುಟೆನ್‌ನಿಂದ ಕೆರಳುವ ಸೀಲಿಯಾಕ್ ಕಾಯಿಲೆ ಈ ಎರಡೂ ಗುಂಪಿಗೆ ಸೇರದು. ಪರೀಕ್ಷೆಗೆ ಮೊದಲೇ ಗೋಧಿ ಬಿಟ್ಟವರಲ್ಲಿ ಅದು ಪತ್ತೆಯಾಗದೆ ಹೋಗಬಹುದು.

ವೈಯಕ್ತಿಕ ಎಚ್ಚರವೊಂದೇ ಸಾಲದು. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2020ರ ನಿಯಮಗಳು ಹಾಲು, ಮೊಟ್ಟೆ, ಮೀನು, ಸಿಗಡಿ, ಕಡಲೆಕಾಯಿ, ಗೋಡಂಬಿಯಂಥ ಬೀಜಗಳು, ಸೋಯಾ, ಗ್ಲುಟೆನ್ ಇರುವ ಧಾನ್ಯ ಮುಂತಾದವನ್ನು ಪೊಟ್ಟಣದ ಮೇಲೆ ನಮೂದಿಸಬೇಕೆನ್ನುತ್ತವೆ. ಆ ಪಟ್ಟಿ ಪ್ರಕಟವಾದಾಗ ಅದರಲ್ಲಿ ಎಳ್ಳು ಇರಲಿಲ್ಲ; ಅಮೆರಿಕವು 2023ರ ಜನವರಿಯಿಂದ ಅದನ್ನೂ ಕಡ್ಡಾಯ ಮಾಡಿದೆ. ನಮ್ಮ ನಿಯಮದಂತೆ ಈ ವಿವರ ಇಂಗ್ಲಿಷ್ ಅಥವಾ ಹಿಂದಿಯಲ್ಲಿದ್ದರೆ ಸಾಕು. ಕನ್ನಡ ಮಾತ್ರ ಬಲ್ಲ ಅಜ್ಜಿಗೋ ಅಡುಗೆಯವರಿಗೋ ಅದರಿಂದ ಏನು ಪ್ರಯೋಜನ? ಅಲರ್ಜಿಯ ಎಚ್ಚರಿಕೆಯಾದರೂ ಕನ್ನಡದಲ್ಲಿ, ಓದಲು ಬರುವಷ್ಟು ದಪ್ಪಕ್ಷರದಲ್ಲಿ ಇರಬೇಕೆಂದು ರಾಜ್ಯ ಸರ್ಕಾರ ಒತ್ತಾಯಿಸಬೇಕು. ಅನಾಫಿಲ್ಯಾಕ್ಸಿಸ್‌ಗೆ ಮೊದಲ ಮದ್ದು ತೊಡೆಯ ಸ್ನಾಯುವಿಗೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದು. ಅಲರ್ಜಿ ಮಾತ್ರೆ ಅದಕ್ಕೆ ಬದಲಿಯಲ್ಲ. ಅಗತ್ಯ ಔಷಧಗಳ ಪಟ್ಟಿಯಲ್ಲಿರುವ, ದುಬಾರಿಯಲ್ಲದ ಈ ಮದ್ದು ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೂ ಕೈಗೆಟುಕುವಂತಿರಬೇಕು. ಮಗುವಿನ ಅಲರ್ಜಿಯ ವಿವರ ಶಾಲೆಯ ದಾಖಲೆಯಲ್ಲಿರಬೇಕು. ತರಗತಿಯ ಶಿಕ್ಷಕರಿಗೆ ಅದು ಗೊತ್ತಿರಬೇಕು.

ಇದೆಲ್ಲದಕ್ಕೂ ಮೊದಲು, ಖರ್ಚಿಲ್ಲದೆ ಮಾಡಬಹುದಾದ ಕೆಲಸವೊಂದಿದೆ. 'ಒಗ್ಗುವುದಿಲ್ಲ', 'ಆಗಿಬರುವುದಿಲ್ಲ' ಎಂಬ ಒಳ್ಳೆಯ ಮಾತುಗಳು ಕನ್ನಡದಲ್ಲಿ ಹಿಂದಿನಿಂದಲೂ ಇವೆ. ಹೊಟ್ಟೆ ಉಬ್ಬರಿಸುವವರು ಅವನ್ನೇ ಬಳಸಲಿ. 'ಅಲರ್ಜಿ' ಎಂಬ ಪದವನ್ನು ಅದು ನಿಜವಾಗಿ ಬೇಕಾದವರಿಗೆ ಬಿಟ್ಟುಕೊಡೋಣ. ಆಗ ಯಾರಾದರೂ ಆ ಪದ ಹೇಳಿದರೆ, ಬಡಿಸುವ ಕೈ ತಾನಾಗಿಯೇ ನಿಲ್ಲಬೇಕು.