ರಸಪರಿತ್ಯಾಗ ಮತ್ತು ಹೋಟೆಲಿನ ತಟ್ಟೆ

ಬೆಂಗಳೂರಿನ ಹೋಟೆಲುಗಳ ತಿನಿಸುಗಳ ಪಟ್ಟಿಯಲ್ಲಿ ‘ಜೈನ್’ ಎಂಬ ಮಾತು ಈಗ ಅಪರೂಪವಲ್ಲ. ಜೈನ್ ಪಾವ್‌ಭಾಜಿ, ಜೈನ್ ಪನೀರ್ ಮಸಾಲ, ಜೈನ್ ಪಿಜ್ಜಾ ಎಂದು ಬರೆದಿರುವುದನ್ನು ಹಲವೆಡೆ ಕಾಣಬಹುದು. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಹಾಕಿಲ್ಲ ಎಂಬುದಷ್ಟೇ ಅದರ ಅರ್ಥ. ಆದರೆ ಅದೇ ಪಾವ್‌ಭಾಜಿಯ ಮೇಲೆ ಬೆಣ್ಣೆ ಕರಗಿ ಹರಿಯುತ್ತಿರುತ್ತದೆ. ಪನೀರು ಕೆನೆಯಲ್ಲಿ ಮುಳುಗಿರುತ್ತದೆ. ಜಿಹ್ವೆಯನ್ನು ಗೆಲ್ಲಬೇಕೆಂದು ಬೋಧಿಸಿದ ಧರ್ಮದ ಹೆಸರು ಜಿಹ್ವೆಗೆ ಅತಿಯಾಗಿ ಉಪಚಾರ ಮಾಡುವ ತಟ್ಟೆಗೆ ಅಂಟಿಕೊಂಡಿರುವುದು ವಿಚಾರ ಮಾಡಬೇಕಾದ ಸಂಗತಿ.

ಇಂದು ಅನೇಕ ಶ್ರಾವಕ ಕುಟುಂಬಗಳಲ್ಲಿ ಹೋಟೆಲಿನ ಮೇಜಿನ ಮುಂದೆಯೇ ಒಂದು ಸಣ್ಣ ವಿವಾದ ಹುಟ್ಟಿಕೊಳ್ಳುತ್ತದೆ. ಅಜ್ಜನಿಗೆ ವೈದ್ಯರು ತುಪ್ಪ, ಎಣ್ಣೆ ಕಡಿಮೆ ಮಾಡಲು ಹೇಳಿರುತ್ತಾರೆ. ಕಾಲೇಜಿಗೆ ಹೋಗುವ ಮೊಮ್ಮಗಳು ಹಾಲು, ಮೊಸರು, ತುಪ್ಪವನ್ನು ಸಂಪೂರ್ಣವಾಗಿ ಬಿಟ್ಟು ‘ವೀಗನ್’ ಆಗಿರುತ್ತಾಳೆ. ‘ಇದು ಎಲ್ಲಿಂದ ತಂದ ಹೊಸ ವ್ರತ?’ ಎಂದು ಅಜ್ಜ ಕೇಳಿದರೆ, ‘ಗಡ್ಡೆಯಲ್ಲಿ ಅನಂತ ಜೀವಗಳಿವೆ ಎಂದು ಬಿಟ್ಟಿರಿ, ಕರುವಿನ ಪಾಲಿನ ಹಾಲು ಎಲ್ಲಿ ಹೋಯಿತು ಅಜ್ಜಾ?’ ಎಂದು ಅವಳು ಮರುಪ್ರಶ್ನೆ ಹಾಕುತ್ತಾಳೆ. ಇಬ್ಬರೂ ತಮ್ಮ ಮಾತು ಬೇರೆಬೇರೆಯೆಂದು ಭಾವಿಸುತ್ತಾರೆ. ವಾಸ್ತವದಲ್ಲಿ ಇಬ್ಬರೂ ಒಂದೇ ಹಳೆಯ ಬಾಗಿಲ ಬಳಿ ನಿಂತಿದ್ದಾರೆ.

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಆರು ಬಾಹ್ಯ ತಪಸ್ಸುಗಳನ್ನು ಹೇಳಿದೆ. ಅವುಗಳಲ್ಲಿ ನಾಲ್ಕನೆಯದು ರಸಪರಿತ್ಯಾಗ. ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ-ಸಕ್ಕರೆ, ಉಪ್ಪು ಇವು ಆರು ರಸಗಳು. ಇವುಗಳಲ್ಲಿ ಒಂದನ್ನೋ ಹಲವನ್ನೋ ಎಲ್ಲವನ್ನೋ ತ್ಯಜಿಸಿ ಆಹಾರ ಸ್ವೀಕರಿಸುವುದೇ ಈ ತಪಸ್ಸು. ಶ್ವೇತಾಂಬರ ಪರಂಪರೆಯ ಆಯಂಬಿಲದಲ್ಲಿಯೂ ಹಾಲು, ಮೊಸರು, ತುಪ್ಪ, ಎಣ್ಣೆ, ಸಿಹಿಗಳನ್ನು ಬಿಟ್ಟ ಸಪ್ಪೆ ಊಟವೇ ನಿಯಮ. ಚೈತ್ರ ಮತ್ತು ಆಶ್ವಯುಜದ ಓಳಿಯಲ್ಲಿ ಅದು ಒಂಬತ್ತು ದಿನ ನಡೆಯುತ್ತದೆ. ವೈದ್ಯರು ಅಜ್ಜನಿಗೆ ಬರೆದುಕೊಟ್ಟ ಪಟ್ಟಿಯೂ ಮೊಮ್ಮಗಳು ತಾನೇ ಮಾಡಿಕೊಂಡ ಪಟ್ಟಿಯೂ ಈ ಆರರೊಳಗೇ ಅಡಗಿವೆ. ಉದ್ದೇಶಗಳು ಬೇರೆ, ನಿಜ. ಒಂದು ಶರೀರರಕ್ಷಣೆಗೆ, ಇನ್ನೊಂದು ಜೀವದಯೆಗೆ. ತಪಸ್ಸಿನ ಉದ್ದೇಶವಾದರೋ ಇಂದ್ರಿಯಜಯ. ಆದರೆ ಬಿಡಬೇಕಾದ ವಸ್ತು ಒಂದೇ ಆಗಿರುವಾಗ, ಬಿಡುವವನು ಭಾವವನ್ನು ಎತ್ತರಿಸಿಕೊಂಡರೆ ಪಥ್ಯವೇ ತಪಸ್ಸಾಗಬಲ್ಲದು.

ಹಾಲಿನ ಪ್ರಶ್ನೆಯನ್ನು ಪ್ರಾಮಾಣಿಕವಾಗಿ ಎದುರಿಸಬೇಕು. ನಮ್ಮ ಪರಂಪರೆ ಮದ್ಯ, ಮಾಂಸ, ಮಧುಗಳನ್ನು ನಿಷೇಧಿಸಿದಂತೆ ಹಾಲನ್ನು ನಿಷೇಧಿಸಿಲ್ಲ. ಮೊಸರು, ತುಪ್ಪಗಳಿಗೆ ಕಾಲಮರ್ಯಾದೆಯನ್ನು ವಿಧಿಸಿ ಬಳಸಲು ಅನುಮತಿಸಿದೆ. ಆದರೆ ಅದೇ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಹೇಳುವಾಗ ಅನ್ನಪಾನನಿರೋಧವನ್ನೂ ಸೇರಿಸಿದೆ. ಅಂದರೆ ತನ್ನ ಅಧೀನದಲ್ಲಿರುವ ಪ್ರಾಣಿಗೆ ಸಲ್ಲಬೇಕಾದ ಆಹಾರವನ್ನು ತಡೆಯುವುದು. ಕರು ಕುಡಿದು ಉಳಿದದ್ದನ್ನು ಕರೆದುಕೊಂಡ ಹಟ್ಟಿಯ ಹಾಲು ಬೇರೆ. ಕರುವನ್ನು ತಾಯಿಯಿಂದ ಬೇರ್ಪಡಿಸಿ, ಗಂಡುಕರುವನ್ನು ನಿರುಪಯೋಗಿಯೆಂದು ಕೈಬಿಟ್ಟು ಪಡೆಯುವ ಹಾಲು ಬೇರೆ. ಹೋಟೆಲಿನ ತುಪ್ಪ ಯಾವ ಹಟ್ಟಿಯದೆಂದು ಉಣ್ಣುವವನಿಗೆ ತಿಳಿಯುವ ಉಪಾಯವಿಲ್ಲ. ಆದುದರಿಂದ ಮೊಮ್ಮಗಳ ಪ್ರಶ್ನೆ ಹೊರದೇಶದಿಂದ ಬಂದ ಗೀಳಲ್ಲ. ಅದು ಅಣುವ್ರತದೊಳಗಿನದೇ ಪ್ರಶ್ನೆ.

‘ವ್ರತಿಯಾದವನು ಹೋಟೆಲಿಗೇ ಹೋಗಬಾರದು’ ಎನ್ನುವವರಿದ್ದಾರೆ. ಪ್ರತಿಮಾಧಾರಿಗಳಿಗೆ ಆ ಮಾತು ಸರಿ. ಆದರೆ ಹಾಸನದಿಂದಲೋ ಬೆಳಗಾವಿಯಿಂದಲೋ ಚಿಕಿತ್ಸೆಗೆಂದು ಬಂದು ಆಸ್ಪತ್ರೆಯ ಹೊರಗೆ ಕುಳಿತ ಗೃಹಸ್ಥನಿಗೆ, ಪರೀಕ್ಷೆ ಬರೆಯಲು ಬಂದ ವಿದ್ಯಾರ್ಥಿಗೆ ಅಡುಗೆಮನೆ ಎಲ್ಲಿದೆ? ಅವರು ಏನನ್ನು ಆರಿಸಿಕೊಳ್ಳಬೇಕು ಎಂಬುದೇ ನಿಜವಾದ ಪ್ರಶ್ನೆ.

ಇಲ್ಲಿ ತೋರಿಕೆಗೆ ಮೋಸಹೋಗಬಾರದು. ಹಬೆಯಲ್ಲಿ ಬೆಂದಿತೆಂದು ರವೆ ಇಡ್ಲಿಯನ್ನು ನಿರಪಾಯವೆಂದು ತಿಳಿಯುವವರುಂಟು. ಎರಡನೆಯ ಮಹಾಯುದ್ಧದ ಕಾಲದ ಅಕ್ಕಿಯ ಅಭಾವದಲ್ಲಿ ಮಾವಳ್ಳಿ ಟಿಫಿನ್ ರೂಮ್ಸ್‌ನವರು ರೂಪಿಸಿದರೆನ್ನಲಾಗುವ ಈ ತಿನಿಸಿನ ಹಿಟ್ಟಿಗೆ ಮೊಸರು ಸೇರುತ್ತದೆ. ಖಾರಾಬಾತ್, ಪೊಂಗಲ್, ಬಿಸಿಬೇಳೆಬಾತ್‌ಗಳಲ್ಲಿ ತುಪ್ಪ ಕಣ್ಣಿಗೆ ಕಾಣದೆ ಬೆರೆತಿರುತ್ತದೆ. ಇತ್ತ ವಡೆ, ಬೋಂಡ, ಪೂರಿಗಳಲ್ಲಿ ಹಾಲಿನ ಸೋಂಕಿಲ್ಲದಿದ್ದರೂ ಅವು ಎಣ್ಣೆಯಲ್ಲಿ ಮುಳುಗಿ ಎದ್ದವು. ಒಂದು ಗ್ರಾಂ ಜಿಡ್ಡು ಸುಮಾರು 9 ಕ್ಯಾಲೊರಿ ಕೊಟ್ಟರೆ, ಒಂದು ಗ್ರಾಂ ಪಿಷ್ಟ ಸುಮಾರು 4 ಕ್ಯಾಲೊರಿ ಕೊಡುತ್ತದೆ. ಹಾಲು ಬಿಟ್ಟ ಮಾತ್ರಕ್ಕೆ ಪಥ್ಯವಾಗದು. ಜಿಡ್ಡು ಬಿಟ್ಟ ಮಾತ್ರಕ್ಕೆ ದಯೆಯಾಗದು.

ಹಾಗಾದರೆ ಎರಡೂ ಕೂಡಿಬರುವ ಊಟವಿಲ್ಲವೇ? ಇದೆ, ಅದು ಈ ನೆಲದ ಹಳೆಯ ಊಟ. ಉತ್ತರ ಕರ್ನಾಟಕದ ಖಾನಾವಳಿಗಳು ಬೆಂಗಳೂರಿನ ಅನೇಕ ಬಡಾವಣೆಗಳಲ್ಲಿವೆ. ಬಿಸಿನೀರಿನಲ್ಲಿ ನಾದಿ, ತಟ್ಟಿ, ಮೇಲೆ ನೀರು ಸವರಿ ಬೇಯಿಸಿದ ಜೋಳದ ರೊಟ್ಟಿಗೆ ಎಣ್ಣೆಯೂ ಬೇಡ, ತುಪ್ಪವೂ ಬೇಡ. ಎಣ್ಣೆಗಾಯಿಯನ್ನು ಬದಿಗಿಟ್ಟು, ಈರುಳ್ಳಿ ಹಾಕದ ಕಾಳಿನ ಪಲ್ಯವಿದೆಯೇ ಎಂದು ಕೇಳಿಕೊಂಡರೆ, ಸೌತೆಕಾಯಿಯೊಡನೆ ಅದು ತೃಪ್ತಿಯ ಊಟ. ರಾಗಿಮುದ್ದೆಯೂ ಹಾಗೆಯೇ, ಅದರ ಸಾರಿನಲ್ಲಿ ಮಾತ್ರ ಈರುಳ್ಳಿ, ಬೆಳ್ಳುಳ್ಳಿ ಇರುವುದೇ ಹೆಚ್ಚು, ವಿಚಾರಿಸಬೇಕು. ಅಕ್ಕಿ ಇಡ್ಲಿಯಲ್ಲಿ ಹಾಲೂ ಇಲ್ಲ, ಜಿಡ್ಡೂ ಅತ್ಯಲ್ಪ. ಆದರೆ ಹಿಂದಿನ ದಿನ ರುಬ್ಬಿ ಹುಳಿಬರಿಸಿದ ಹಿಟ್ಟು ಮರ್ಯಾದೆ ಮೀರಿದ್ದೆಂದು ನಿಷ್ಠಾವಂತರು ಅದನ್ನು ಬಿಡುತ್ತಾರೆ. ಅಂಥವರಿಗೆ ನುಚ್ಚಿನುಂಡೆ, ಒಗ್ಗರಣೆಯಿಲ್ಲದ ಹೆಸರುಬೇಳೆ ಕೋಸಂಬರಿ ಸಿಕ್ಕರೆ ಅದೇ ಭಾಗ್ಯ.

ಕೇಳುವ ಕ್ರಮದಲ್ಲಿಯೂ ಧರ್ಮವಿದೆ. ಮುನಿಗಳು ತಮಗಾಗಿಯೇ ಸಿದ್ಧಪಡಿಸಿದ ಉದ್ದಿಷ್ಟ ಆಹಾರವನ್ನು ಸ್ವೀಕರಿಸರು. ಹೂವಿಗೆ ನೋವಾಗದಂತೆ ಮಕರಂದ ಹೀರುವ ದುಂಬಿಯಂತೆ, ದಾತನಿಗೆ ಹೊರೆಯಾಗದೆ ಆಹಾರ ಪಡೆಯುವುದೇ ಭ್ರಾಮರೀವೃತ್ತಿ. ಗೃಹಸ್ಥನಿಗೆ ಆ ಕಠಿಣ ನಿಯಮವಿಲ್ಲವಾದರೂ ಅದರ ದಿಕ್ಕು ಅವನಿಗೂ ಅನ್ವಯಿಸುತ್ತದೆ. ಬೆಣ್ಣೆ ಮಸಾಲೆದೋಸೆಗೆ ಹೆಸರಾದ ಅಂಗಡಿಯಲ್ಲಿ ನೂರು ಜನರ ಸಾಲಿನ ನಡುವೆ ನಿಂತು, ಬೆಣ್ಣೆ ಬೇಡ, ಎಣ್ಣೆ ಬೇಡ, ಪಲ್ಯದಲ್ಲಿ ಆಲೂಗಡ್ಡೆ ಬೇಡ ಎಂದು ಅಡುಗೆಯವನನ್ನು ಪೀಡಿಸುವುದಕ್ಕಿಂತ, ಸ್ವಭಾವದಿಂದಲೇ ಸರಳವಾದ ಊಟವಿರುವ ಕಡೆಗೆ ನಡೆದುಹೋಗುವುದು ಮೇಲು. ‘ವೀಗನ್ ಇದೆಯಾ?’ ಎಂದರೆ ಅನೇಕ ಮಾಣಿಗಳು ಸಸ್ಯಾಹಾರವೆಂದೇ ತಿಳಿದು ತಲೆಯಾಡಿಸುತ್ತಾರೆ. ‘ಇದಕ್ಕೆ ಹಾಲು, ಮೊಸರು, ತುಪ್ಪ ಹಾಕುತ್ತೀರಾ? ಎಣ್ಣೆ ಎಷ್ಟು ಬೀಳುತ್ತದೆ?’ ಎಂದು ಮೃದುವಾಗಿ, ಮಿತವಾಗಿ ಕೇಳಿದರೆ ನಿಜವಾದ ಉತ್ತರ ದೊರೆಯುತ್ತದೆ. ಭಾಷಾಸಮಿತಿ ಪ್ರವಚನಮಂದಿರಕ್ಕಷ್ಟೇ ಸೀಮಿತವಲ್ಲ. ಸೂರ್ಯಾಸ್ತಕ್ಕೆ ಮೊದಲೇ ಉಣ್ಣುವ ನಿಯಮವೂ ಇಲ್ಲಿ ನೆರವಿಗೆ ಬರುತ್ತದೆ. ರಾತ್ರಿಯ ನೂಕುನುಗ್ಗಲು ಶುರುವಾಗುವ ಮುನ್ನ ಉತ್ತರಿಸುವ ವ್ಯವಧಾನ ಅವರಿಗೂ ಇರುತ್ತದೆ.

ಕೇಳಿದ್ದು ಸಿಗದೆ ಹೋದರೆ? ಬಾಹ್ಯ ತಪಸ್ಸಿನಲ್ಲಿ ರಸಪರಿತ್ಯಾಗಕ್ಕೆ ಹಿಂದೆಯೇ ವೃತ್ತಿಪರಿಸಂಖ್ಯಾನವಿದೆ. ಮುನಿಗಳು ಮನಸ್ಸಿನಲ್ಲೇ ಒಂದು ಸಂಕಲ್ಪ ಮಾಡಿಕೊಂಡು ಆಹಾರಕ್ಕೆ ಹೊರಡುತ್ತಾರೆ. ಅದು ಕೂಡಿಬರದಿದ್ದರೆ ಯಾರನ್ನೂ ದೂರದೆ ಹಿಂದಿರುಗುತ್ತಾರೆ. ಇಪ್ಪತ್ತೆರಡು ಪರೀಷಹಗಳಲ್ಲಿ ಅಲಾಭವೂ ಒಂದು. ಅಂದರೆ ದೊರೆಯದಿರುವುದನ್ನು ಸಮಭಾವದಿಂದ ಸಹಿಸುವುದು. ಅವರ ಷರತ್ತು ಅವರ ಹಸಿವಿನ ಮೇಲೆ ಬೀಳುತ್ತದೆ. ಹೋಟೆಲಿನಲ್ಲಿ ಸಿಡುಕುವ ಶ್ರಾವಕನ ಷರತ್ತು ಬಡ ಮಾಣಿಯ ಮೇಲೆ ಬೀಳುತ್ತದೆ. ತುಪ್ಪವನ್ನು ಬಿಟ್ಟು ಕೋಪವನ್ನು ಉಂಡರೆ ತ್ಯಾಗವಾದದ್ದು ಯಾವುದು?

ಅಜ್ಜ ಮತ್ತು ಮೊಮ್ಮಗಳು ಒಂದೇ ಮೇಜಿನಲ್ಲಿ ಜೋಳದ ರೊಟ್ಟಿ ಮುರಿಯುವ ದಿನ ಅವರ ವಿವಾದ ತಾನಾಗಿಯೇ ಮುಗಿಯುತ್ತದೆ. ಅದೂ ದೊರೆಯದ ದಿನ ಬೀದಿಬದಿಯ ಎಳನೀರು, ಎರಡು ಬಾಳೆಹಣ್ಣು ಸಾಕು. ಅಂದು ಹೊಟ್ಟೆ ಅರ್ಧ ತುಂಬಿದರೆ ಅದೂ ಊನೋದರವೆಂಬ ತಪಸ್ಸೇ. ಪಟ್ಟಿಯಲ್ಲಿ ‘ಜೈನ್’ ಎಂದು ಬರೆದಿಲ್ಲದಿದ್ದರೂ ಜೈನತ್ವಕ್ಕೆ ಹತ್ತಿರವಾದ ಊಟ ಅದು.