ನೀರಿನ ಜಾಡು ಹಿಡಿದು ವಿಜಯಪುರ

ದ್ರಾಕ್ಷಿಯಿಂದ ಲೋಕಪ್ರಸಿದ್ಧವಾದ ಊರುಗಳಲ್ಲಿ ಫ್ರಾನ್ಸ್ ದೇಶದ ಸೇಂತ್ ಎಮಿಲಿಯೋಂ ಒಂದು. ಅಲ್ಲಿಗೆ ಹೋದ ಪ್ರವಾಸಿಕನು ಕೈಯಲ್ಲೊಂದು ನಕಾಶೆ ಹಿಡಿದು, ಓಣಿಯಿಂದ ಓಣಿಗೆ ನಡೆಯುತ್ತಾನೆ. ಬಂಡೆಯನ್ನು ಕೊರೆದು ಮಾಡಿದ ಪುರಾತನ ಇಗರ್ಜಿಯನ್ನು ನೋಡುತ್ತಾನೆ. ಊರ ಗೋಡೆಯನ್ನು ದಾಟಿದೊಡನೆ ದ್ರಾಕ್ಷಿಯ ಸಾಲುಗಳು ಇದಿರಾಗುತ್ತವೆ. 1999ರಲ್ಲಿ ಯುನೆಸ್ಕೊ ಸಂಸ್ಥೆಯು ಅದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿಕೊಂಡಾಗ ಊರನ್ನೂ ತೋಟಗಳನ್ನೂ ಬೇರ್ಪಡಿಸದೆ ಒಂದೇ ಎಂದು ಎಣಿಸಿತು. ಊರನ್ನು ಕಂಡು ತೋಟವನ್ನು ಕಾಣದವನು ಅರ್ಧವನ್ನೇ ಕಂಡಂತೆ ಎಂಬದು ಇದರ ಅಭಿಪ್ರಾಯ.

ಕನ್ನಡ ನಾಡಿನಲ್ಲಿ ಈ ಮಾತಿಗೆ ಸಲ್ಲುವ ಊರು ವಿಜಯಪುರ. ರಾಜ್ಯದಲ್ಲಿ ದ್ರಾಕ್ಷಿಯನ್ನು ಎಲ್ಲಕ್ಕಿಂತ ಹೆಚ್ಚಾಗಿ ಬೆಳೆಯುವದು ಇದೇ ಜಿಲ್ಲೆ. ನಮ್ಮ ಪಾಯಸಕ್ಕೂ ಶಿರಾಕ್ಕೂ ಬೀಳುವ ಒಣದ್ರಾಕ್ಷಿಯಲ್ಲಿ ಎಷ್ಟೋ ಪಾಲು ಅಲ್ಲಿಯದು. ಆದರೂ ಅಲ್ಲಿಗೆ ಹೋದ ಸಂಸಾರಗಳು ಏನು ಮಾಡುತ್ತವೆ? ಗೋಳಗುಮ್ಮಟದಲ್ಲಿ ಮಕ್ಕಳಿಂದ ಕೂಗು ಹಾಕಿಸಿ, ಟಾಂಗಾ ಏರಿ ಇನ್ನೆರಡು ಕಟ್ಟಡಗಳನ್ನು ನೋಡಿ, ಸಂಜೆಯ ಗಾಡಿಗೆ ಹಿಂದಿರುಗುತ್ತವೆ. ಅರಸರ ಹೆಸರುಗಳು ಮರುವಾರವೇ ಮರೆತುಹೋಗುತ್ತವೆ. ನೋಡಿದ ವಸ್ತುಗಳನ್ನು ಪೋಣಿಸುವ ದಾರವೊಂದು ಇಲ್ಲದಿದ್ದರೆ ಹೀಗೆಯೇ ಆಗುವದು. ವಿಜಯಪುರಕ್ಕೆ ಅಂಥ ದಾರವೊಂದು ಉಂಟು. ಅದು ನೀರು.

ಈ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರಿಗೂ ಕಡಿಮೆ, ಅದೂ ನೆಚ್ಚತಕ್ಕದ್ದಲ್ಲ. ಇಂಥ ನೆಲದ ಮೇಲೆ ಆದಿಲಶಾಹಿ ಅರಸರು ಹದಿನೈದನೆಯ ಶತಮಾನದ ಕೊನೆಯಿಂದ 1686ರ ವರೆಗೆ ಒಂದು ಮಹಾರಾಜಧಾನಿಯನ್ನು ನಡೆಯಿಸಿದರು. ಅಷ್ಟು ಜನಕ್ಕೆ ಕುಡಿಯುವ ನೀರು ಎಲ್ಲಿಂದ ಬಂತು? ಈ ಒಂದು ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ನಡೆದರೆ ಊರು ತನ್ನ ಕಥೆಯನ್ನು ತಾನೇ ಹೇಳುವದು.

ನಡಿಗೆಗೆ ಫೆಬ್ರುವರಿ ತಿಂಗಳು ಉತ್ತಮ. ಬೆಳಗು ತಂಪಾಗಿರುತ್ತದೆ, ತೋಟದಲ್ಲಿ ಹಣ್ಣು ಮಾಗಿರುತ್ತದೆ. ಊರಿನ ಪೂರ್ವದ ಅಂಚಿನಿಂದ ಪಶ್ಚಿಮಕ್ಕೆ ನಾಲ್ಕೈದು ಕಿಲೋಮೀಟರು ಮಾತ್ರ. ಚಿಕ್ಕ ಮಕ್ಕಳಿದ್ದವರು ಇದನ್ನು ಎರಡು ಬೆಳಗುಗಳಿಗೆ ಹಂಚಿಕೊಳ್ಳುವದು ಲೇಸು.

ಮೊದಲ ಬೆಳಗು, ಜನಸಂದಣಿ ಸೇರುವ ಮುಂಚೆಯೇ, ಗೋಳಗುಮ್ಮಟಕ್ಕೆ ಹೋಗಬೇಕು. 1656ರ ಸುಮಾರಿಗೆ ಮುಗಿದ ಈ ಕಟ್ಟಡ ಮಹಮ್ಮದ ಆದಿಲಶಹನ ಗೋರಿ. ಮೂಲೆಯ ಗೋಪುರದ ಮೆಟ್ಟಿಲುಗಳನ್ನು ನಿಧಾನವಾಗಿ ಏರಿ, ಪಿಸುಮಾತಿನ ಮೊಗಸಾಲೆಯ ವಿನೋದವನ್ನು ಮಕ್ಕಳಿಗೆ ತೋರಿಸಿದ ಬಳಿಕ, ಹೊರಗಿನ ಮಾಳಿಗೆಯ ಮೇಲೆ ಸ್ವಲ್ಪ ಹೊತ್ತು ನಿಲ್ಲಿರಿ. ಇಡೀ ಊರು ಕಾಲಕೆಳಗೆ ನಕಾಶೆಯಂತೆ ಹರಡಿರುವದು. ಸುಮಾರು 10 ಕಿಲೋಮೀಟರು ಸುತ್ತಳತೆಯ ಕೋಟೆಯ ಗೋಡೆ, ನಡುವೆ ಅರಮನೆಗಳ ಒಳಕೋಟೆ, ದೂರದಲ್ಲಿ ಪಶ್ಚಿಮದ ದಿನ್ನೆ. ಈ ಸುತ್ತಳತೆಯೊಳಗೆ ಹರಿಯುವ ಹೊಳೆ ಒಂದೂ ಇಲ್ಲವೆಂಬದನ್ನು ಮಕ್ಕಳೇ ಹುಡುಕಿ ಹೇಳಲಿ.

ಅಲ್ಲಿಂದ ನೈರುತ್ಯಕ್ಕೆ ನಡೆದರೆ ಒಂದನೆಯ ಅಲಿ ಆದಿಲಶಹನು ಆರಂಭಿಸಿದ ಜಾಮಿಯಾ ಮಸೀದಿ. ಅದರ ಶಾಂತವಾದ ಕಮಾನುಗಳ ಸಾಲನ್ನು ನೋಡಿಕೊಂಡು ಮುಂದೆ ಮೆಹತರ ಮಹಲಿನ ಕುಸುರಿಗೆಲಸದ ಬಾಗಿಲನ್ನು ದಾಟಿದರೆ ಅಸರ ಮಹಲಿನ ಇದಿರಿಗೆ ಬರುತ್ತೇವೆ. ಮರದ ಕಂಬಗಳ ಈ ಎತ್ತರದ ಸಭಾಂಗಣ 1646ರಲ್ಲಿ ನ್ಯಾಯಸ್ಥಾನವಾಗಿ ಕಟ್ಟಿಸಿದ್ದು. ಇದರ ಮುಂದಿನ ಕೊಳವನ್ನು ಅವಸರದಲ್ಲಿ ದಾಟಿಬಿಡಬಾರದು. ಊರ ದಕ್ಷಿಣಕ್ಕಿರುವ ಬೇಗಂ ತಲಾಬಿನ ನೀರು ನೆಲದೊಳಗಿನ ಮಣ್ಣಿನ ಕೊಳವೆಗಳಲ್ಲಿ ಹರಿದು ಇಲ್ಲಿಯವರೆಗೆ ಬರುತ್ತಿತ್ತು.

ಆ ಕೊಳವೆಗಳ ಜಾಡನ್ನು ತೋರಿಸುವ ಕಲ್ಲಿನ ಗೋಪುರಗಳು ಊರಲ್ಲಿ ಅಲ್ಲಲ್ಲಿ ನಿಂತಿವೆ. ಗಂಜ್ ಎಂಬದು ಅವುಗಳ ಹೆಸರು. ಕಾವಲುಗೋಪುರವೆಂದು ತಿಳಿದು ಮುಂದೆ ಹೋಗುವವರೇ ಹೆಚ್ಚು. ಕೊಳವೆಯಲ್ಲಿ ರಭಸದಿಂದ ಬಂದ ನೀರು ಗೋಪುರದೊಳಗೆ ಮೇಲೇರಿ ತನ್ನ ಒತ್ತಡವನ್ನು ಕಳೆದುಕೊಳ್ಳುತ್ತಿತ್ತು. ತಂದ ಹೂಳನ್ನು ತಳದಲ್ಲಿ ಬಿಟ್ಟು, ತಿಳಿಯಾಗಿ ಮುಂದಿನ ಓಣಿಗೆ ಇಳಿಯುತ್ತಿತ್ತು. ಈ ಗೋಪುರಗಳಿಲ್ಲದಿದ್ದರೆ ಕೊಳವೆಗಳು ಒಡೆದುಹೋಗುತ್ತಿದ್ದವು. ಬಾದಶಹನ ಗುಮ್ಮಟಕ್ಕಿಂತ ಗೃಹಸ್ಥನ ಕೊಡಕ್ಕೆ ಹತ್ತಿರವಾದ ಶಿಲ್ಪವಿದು.

ಒಳಕೋಟೆಯಲ್ಲಿ 1561ರ ಗಗನ ಮಹಲಿನ ಮಹಾಕಮಾನನ್ನು ನೋಡಿ ಮೊದಲ ದಿನದ ನಡಿಗೆಯನ್ನು ಮುಗಿಸಬಹುದು. 1686ರಲ್ಲಿ ಔರಂಗಜೇಬನ ಮುತ್ತಿಗೆಗೆ ಸಿಕ್ಕಿ ರಾಜ್ಯ ಅಳಿಯಿತು. ಅರಸರು ಹೋದ ಮೇಲೆ ಕೆರೆ ಕೊಳವೆಗಳ ಆರೈಕೆಯೂ ಹೋಯಿತು, ಊರು ಬರಿದಾಯಿತು. 1876ರಿಂದ 1878ರ ವರೆಗಿನ ಮಹಾಕ್ಷಾಮವು ಈ ಸೀಮೆಯನ್ನು ಕಾಡಿತು. 1885ರಲ್ಲಿ ಜಿಲ್ಲೆಯ ಮುಖ್ಯಸ್ಥಳವು ಕಲಾದಗಿಯಿಂದ ಇಲ್ಲಿಗೆ ಬಂದಾಗ ಹಾಳು ಅರಮನೆಗಳಲ್ಲಿಯೇ ಕಚೇರಿಗಳು ಕುಳಿತವು.

ಎರಡನೆಯ ಬೆಳಗು ಬಾರಾ ಕಮಾನಿನಿಂದ ಹೊರಡೋಣ. ಎರಡನೆಯ ಅಲಿ ಆದಿಲಶಹನ ಗೋರಿಯಿದು. ಮುಗಿಯದೆ ಆಕಾಶಕ್ಕೆ ತೆರೆದು ನಿಂತ ಕಮಾನುಗಳು. ಪಶ್ಚಿಮಕ್ಕೆ ಸಾಗಿದರೆ ಉಪಲಿ ಬುರುಜು, ಸಮೀಪದಲ್ಲಿಯೇ 1549ರಲ್ಲಿ ಅಹಮದನಗರದಲ್ಲಿ ಎರಕಹೊಯ್ದ ಮಲಿಕ್-ಎ-ಮೈದಾನ ತೋಪು. ಮಕ್ಕಳ ಮನಸ್ಸು ತೋಪಿನ ಮೇಲಿಂದ ಕದಲಿದ ಬಳಿಕ ತಾಜ ಬಾವಡಿಗೆ ಬನ್ನಿರಿ. ಎರಡನೆಯ ಇಬ್ರಾಹಿಮನ ರಾಣಿ ತಾಜ ಸುಲ್ತಾನಳ ಹೆಸರಿನಲ್ಲಿ ಮಲಿಕ ಸಂದಲನು 1620ರಲ್ಲಿ ಕಟ್ಟಿಸಿದ ಈ ಬಾವಿಗೆ ಅರಮನೆಯ ಮಹಾದ್ವಾರದಂಥ ಕಮಾನು, ಎರಡೂ ಬದಿಗೆ ಎಂಟುಮೂಲೆಯ ಗೋಪುರ. ಬಹುಕಾಲ ಕಸಕಡ್ಡಿ ಬಿದ್ದು ಕೆಟ್ಟುಹೋಗಿದ್ದ ಇದನ್ನು ಇತ್ತೀಚಿನ ವರ್ಷಗಳಲ್ಲಿ ಹೂಳೆತ್ತಿ ಶುದ್ಧಮಾಡಿದ್ದಾರೆ. ಹಿರಿಯರು ಗುಡಿಗೆ ಕೊಟ್ಟ ಮರ್ಯಾದೆಯನ್ನೇ ಬಾವಿಗೂ ಕೊಟ್ಟಿದ್ದರೆಂಬದು ಅಲ್ಲಿ ನಿಂತಾಗ ತಿಳಿಯುವದು. ಮಕ್ಕಳ ಕೈಯ ಕಾಗದದ ಚೂರು ಆ ನೀರಿಗೆ ಬೀಳದಂತೆ ತಾಯಂದಿರು ನೋಡಿಕೊಳ್ಳಲಿ.

ಕೋಟೆಯ ಹೊರಗೆ ಇಬ್ರಾಹಿಮ ರೋಜಾ. ಗೋರಿ ಒಂದು ಕಡೆ, ಮಸೀದಿ ಇನ್ನೊಂದು ಕಡೆ, ನಡುವೆ ಕೊಳ. ಊರ ನಡಿಗೆ ಇಲ್ಲಿಗೆ ಮುಗಿಯುತ್ತದೆ. ನೀರಿನ ಜಾಡು ಮುಗಿಯುವದಿಲ್ಲ.

ಅಥಣಿಯ ರಸ್ತೆಯಲ್ಲಿ ಬಸ್ಸು ಹತ್ತಿದರೆ ಮೊದಲು ಸಿಗುವದು ತೊರವಿ. ನರಸಿಂಹನ ಸನ್ನಿಧಾನ, ಕುಮಾರವಾಲ್ಮೀಕಿಯ ರಾಮಾಯಣಕ್ಕೆ ಹೆಸರು ಕೊಟ್ಟ ಊರು. ಇದರ ಬಳಿಯಲ್ಲಿಯೇ ಸಂಗೀತಪ್ರಿಯನಾದ ಎರಡನೆಯ ಇಬ್ರಾಹಿಮನು 1599ರಲ್ಲಿ ನವರಸಪುರವನ್ನು ಕಟ್ಟತೊಡಗಿದನು. 1624ರಲ್ಲಿ ಮಲಿಕ ಅಂಬರನ ದಂಡು ಅದನ್ನು ಹಾಳುಮಾಡಿತು. ರಾಜಧಾನಿಗೆ ಪಶ್ಚಿಮದಿಂದ ಬರುತ್ತಿದ್ದ ನೀರಿನ ಮೂಲವೂ ಇಲ್ಲಿಯದೇ. ನೆಲದೊಳಗೆ ಸುರಂಗ ತೋಡಿ ಆ ನೀರನ್ನು ಊರಿಗೆ ಸಾಗಿಸಿದ್ದರು.

ತೊರವಿಯನ್ನು ದಾಟಿ ಟಿಕೋಟಾ ಸಮೀಪಿಸಿದಂತೆ ದ್ರಾಕ್ಷಿಯ ಚಪ್ಪರಗಳು ಕಾಣಿಸಿಕೊಳ್ಳುತ್ತವೆ. ಇತ್ತೀಚೆಗೆ ತಾಲೂಕುಗಳಾದ ಟಿಕೋಟಾ, ಬಬಲೇಶ್ವರ ಎರಡೂ ಈ ಬೆಳೆಯ ತವರು. ಬಳ್ಳಿಯ ಬುಡದಲ್ಲಿ ಹಾಸಿದ ತೆಳುವಾದ ಕೊಳವೆಯನ್ನು ಮಕ್ಕಳಿಗೆ ತೋರಿಸಿರಿ. ಹನಿಹನಿಯಾಗಿ ನೀರು ತೊಟ್ಟಿಕ್ಕುವ ಈ ಕೊಳವೆಯು ಬೇಗಂ ತಲಾಬಿನ ಮಣ್ಣಿನ ಕೊಳವೆಯ ಮೊಮ್ಮಗಳೇ ಸರಿ. ಕೃಷ್ಣೆಯು ಜಿಲ್ಲೆಯ ದಕ್ಷಿಣದಲ್ಲಿ, ಈ ದಿನ್ನೆಗಿಂತ ತಗ್ಗಿನಲ್ಲಿ ಹರಿಯುತ್ತಾಳೆ. ಮುಳವಾಡ, ತುಬಚಿ-ಬಬಲೇಶ್ವರ ಮೊದಲಾದ ಏತ ನೀರಾವರಿ ಯೋಜನೆಗಳು ಆಕೆಯ ನೀರನ್ನು ಎತ್ತಿ ತರುತ್ತವೆ. ಬರಗಾಲ ಬಂದರೆ ರೈತನು ಟ್ಯಾಂಕರಿನಲ್ಲಿ ನೀರನ್ನು ಕೊಂಡುತಂದು ಬಳ್ಳಿಯ ಜೀವ ಉಳಿಸುತ್ತಾನೆ. ಜೋಳವಾದರೆ ಒಂದು ವರ್ಷದ ನಷ್ಟ. ಬಳ್ಳಿ ಒಣಗಿದರೆ ಹಲವು ವರ್ಷಗಳ ದುಡಿಮೆಯೇ ಹೋದಂತೆ.

ಬಳ್ಳಿಯನ್ನು ವರ್ಷಕ್ಕೆ ಎರಡು ಸಲ ಕತ್ತರಿಸುತ್ತಾರೆ: ಏಪ್ರಿಲಿನ ಸುಮಾರಿಗೆ ಟೊಂಗೆ ಬಲಿಯಲೆಂದು, ಅಕ್ಟೋಬರಿನ ಸುಮಾರಿಗೆ ಹಣ್ಣು ಬಿಡಲೆಂದು. ಮಾಗಿದ ಗೊಂಚಲನ್ನು ಪೊಟ್ಯಾಸಿಯಂ ಕಾರ್ಬೊನೇಟು ಮತ್ತು ಒಂದು ಬಗೆಯ ಎಣ್ಣೆ ಬೆರೆಸಿದ ನೀರಿನಲ್ಲಿ ಅದ್ದುತ್ತಾರೆ. ಆಗ ಹಣ್ಣಿನ ಮೇಲಿನ ಮೇಣದ ಪೊರೆ ಸಡಿಲಾಗಿ ಒಳಗಿನ ನೀರು ಬೇಗ ಆರುತ್ತದೆ. ಗಾಳಿಯಾಡುವ ನೆರಳಿನ ಶೆಡ್ಡಿನಲ್ಲಿ ಅಂತಸ್ತು ಅಂತಸ್ತಾಗಿ ಹರವಿದರೆ ಎರಡು ವಾರಗಳಷ್ಟರಲ್ಲಿ ಮಣೂಕ ಸಿದ್ಧ. ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ ಮಣೂಕ ದೊರೆಯುವದು. ವಿಚಿತ್ರವೆಂದರೆ, ವರ್ಷವಿಡೀ ಮಳೆಗಾಗಿ ಹಂಬಲಿಸಿದ ರೈತನು ಈ ಎರಡು ವಾರ ಮಳೆ ಬಾರದಿರಲೆಂದು ಬೇಡುತ್ತಾನೆ. ಆಗ ಬಿದ್ದ ಒಂದು ಅಕಾಲದ ಮಳೆ ಹೊನ್ನಿನ ಬಣ್ಣದ ಕಾಳನ್ನು ಕಪ್ಪಾಗಿಸಿ ಬೆಲೆಯನ್ನು ಇಳಿಸಿಬಿಡುವದು.

ತೋಟದೊಳಗೆ ಕಾಲಿಡುವ ಮುನ್ನ ಒಡೆಯರನ್ನು ಕೇಳಿರಿ. ಔಷಧಿ ಹೊಡೆದ ಹಣ್ಣನ್ನು ಕಿತ್ತು ಮಕ್ಕಳ ಬಾಯಿಗೆ ಕೊಡಬೇಡಿರಿ. ಹೊರಡುವಾಗ ಎರಡು ಕಿಲೋ ಮಣೂಕವನ್ನು ಬೆಳೆದವರಿಂದಲೇ ಕೊಳ್ಳಿರಿ. ಬೆಲೆ ಚೌಕಾಸಿ ಮಾಡುವ ಮೊದಲು ಮಾತ್ರ ಎರಡು ದಿನ ನಡೆದ ದಾರಿಯನ್ನು ಒಮ್ಮೆ ನೆನೆಯಿರಿ. ನೀರನ್ನು ಕಾಯ್ದುಕೊಂಡಷ್ಟು ಕಾಲ ಅರಸರ ಊರು ಬಾಳಿತು. ಇಂದು ಆ ಕಾವಲು ಈ ರೈತರ ಕೈಯಲ್ಲಿದೆ.