ಚಳಿಗೆ ಬಾಗಿಲು ಮುಚ್ಚೋಣ, ಹೊಗೆಗೆ ದಾರಿ ಬಿಡೋಣ

ಧನುರ್ಮಾಸ ಬಂತೆಂದರೆ ಮಲೆನಾಡಿನ ಬೆಳೆಗಾರನಿಗೆ ಎರಡು ಕಡೆಯ ಅವಸರ. ಇತ್ತ ಕಾಫಿ ಹಣ್ಣಿನ ಕೊಯ್ಲು, ಅತ್ತ ಅಡಿಕೆ ಸುಲಿದು ಬೇಯಿಸುವ ಕೆಲಸ. ಕಣದಲ್ಲಿ ಹರವಿದ ಕಾಫಿಯ ಮೇಲೆ ಇಬ್ಬನಿ ಬೀಳದಂತೆ ಸಂಜೆ ರಾಶಿ ಮಾಡಿ ಟಾರ್ಪಾಲು ಹೊದಿಸುವುದನ್ನು ನಾವು ಯಾರೂ ಮರೆಯುವುದಿಲ್ಲ. ಆದರೆ ಅದೇ ರಾತ್ರಿ ನಮ್ಮ ಮನೆಯವರು, ಲೈನ್ ಮನೆಯ ಕೆಲಸಗಾರರು ಹೇಗೆ ಮಲಗುತ್ತಾರೆಂದು ಎಷ್ಟು ಮಂದಿ ವಿಚಾರಿಸುತ್ತೇವೆ?

ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುವ ರೂಢಿ ನಮ್ಮಲ್ಲಿದೆ. ಚಳಿಗಾಲಕ್ಕೆ ಅಂಥ ರಿಪೇರಿಯ ರೂಢಿ ಇಲ್ಲ. ಕಿಟಕಿ ಮುಚ್ಚಿ, ಸಂದಿಗೆ ಗೋಣಿ ತುರುಕಿ, ಒಳಗೆ ಬೆಂಕಿ ಮಾಡಿಕೊಂಡರೆ ಮುಗಿಯಿತು ಎಂದುಕೊಂಡಿದ್ದೇವೆ. ಅಪಾಯ ಇರುವುದು ಇಲ್ಲಿಯೇ.

ಅಗ್ಗಿಷ್ಟಿಕೆಯ ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಏಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ. ನಿದ್ದೆಯಲ್ಲಿದ್ದವರಿಗೆ ಅದೂ ತಿಳಿಯುವುದಿಲ್ಲ. ಹೊಗೆ ಕಾಣದ ಕೆಂಡವೆಂದು ನಂಬುವಂತಿಲ್ಲ.

“ನಮ್ಮ ಅಜ್ಜನ ಕಾಲದಿಂದ ಕೆಂಡ ಇಟ್ಟುಕೊಂಡೇ ಮಲಗಿದ್ದೇವೆ, ಏನಾಗಿದೆ?” ಎಂದು ಹಿರಿಯರು ಕೇಳಬಹುದು. ಮಾತು ನಿಜ. ಆದರೆ ಅಜ್ಜನ ಮನೆಗೆ ನಾಡಹೆಂಚಿನ ಮಾಡಿತ್ತು, ಗೋಡೆಗೂ ಸೂರಿಗೂ ನಡುವೆ ಗೇಣಗಲ ಸಂದಿಯಿತ್ತು. ಗಾಳಿ ತಾನಾಗಿ ಆಡುತ್ತಿತ್ತು. ಈಗ ನಾವು ತಾರಸಿ ಹಾಕಿದ್ದೇವೆ, ಗಾಜಿನ ಕಿಟಕಿ ಕೂರಿಸಿದ್ದೇವೆ. ಮನೆ ಬದಲಾಯಿತು, ಬೆಂಕಿಯ ಅಭ್ಯಾಸ ಬದಲಾಗಲಿಲ್ಲ. ಮಲಗುವ ಕೋಣೆಯಲ್ಲಿ ಕೆಂಡ ಕೂಡದು ಎಂಬುದು ನಮ್ಮ ಖಚಿತ ಅಭಿಪ್ರಾಯ. ಮೈ ಕಾಯಿಸಿಕೊಳ್ಳುವುದೇನಿದ್ದರೂ ಜಗಲಿಯಲ್ಲಿ. ಮಲಗುವಾಗ ಒಂದು ಕಂಬಳಿ ಹೆಚ್ಚಿಗೆ ಇರಲಿ.

ಬಚ್ಚಲುಮನೆಯ ಗ್ಯಾಸ್ ಗೀಸರಿಗೂ ಇದೇ ಮಾತು ಸಲ್ಲುತ್ತದೆ. ಅದನ್ನು ಹೊರಗೋಡೆಗೆ ಕೂರಿಸಿ ಬಿಸಿನೀರನ್ನು ಕೊಳವೆಯಲ್ಲಿ ಒಳಗೆ ತರುವುದು ಕ್ಷೇಮ. ಹಂಡೆ ಒಲೆ ಇರುವವರು ಚಿಮಣಿಯೊಳಗಿನ ಮಸಿಯನ್ನು ಕೊಯ್ಲು ಶುರುವಾಗುವ ಮುಂಚೆಯೇ ತೆಗೆಸಬೇಕು. ಕಟ್ಟಿಕೊಂಡ ಚಿಮಣಿ ಹೊಗೆಯನ್ನು ಮನೆಯೊಳಕ್ಕೇ ತಿರುಗಿಸುತ್ತದೆ. ಹಸಿ ಸೌದೆಯೂ ಹೊಗೆಯ ತವರು. ಕಾಫಿ ಗಿಡದ ಚಿಗುರು ಕತ್ತರಿಸಿದಾಗಿನ ಕಡ್ಡಿ, ನೆರಳು ಮರದ ಕೊಂಬೆಗಳನ್ನು ಸೂರಿನಡಿ ಒಟ್ಟಿ ಚೆನ್ನಾಗಿ ಒಣಗಿಸಿಕೊಂಡರೆ ಅರ್ಧ ತೊಂದರೆ ತಪ್ಪಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರದವರು ರೂಪಿಸಿದ ಒಲೆ ಕಡಿಮೆ ಸೌದೆಯಲ್ಲಿ ಉರಿದು, ಹೊಗೆಯನ್ನು ಚಿಮಣಿಯಿಂದ ಹೊರಗೆ ಕಳಿಸುತ್ತದೆ. ಒಲೆ ಹೊಸದಾಗಿ ಕಟ್ಟಿಸುವವರು ಈ ಮಾದರಿಯನ್ನು ಗಮನಿಸಲಿ.

ಉಳಿದ ತಾಪತ್ರಯಗಳು ಸಣ್ಣವು. ಸುಮಾರು 24 ಡಿಗ್ರಿಗಿಂತ ಕೆಳಗೆ ಕೊಬ್ಬರಿ ಎಣ್ಣೆ ಗಟ್ಟಿಯಾಗುತ್ತದೆ. ಅಗಲ ಬಾಯಿಯ ಡಬ್ಬಿಯಲ್ಲಿಟ್ಟರೆ ತೊಂದರೆಯಿಲ್ಲ. ದೋಸೆ ಹಿಟ್ಟು ಹುಳಿಬರದಿದ್ದರೆ ಉಗುರುಬೆಚ್ಚಗಿನ ನೀರಿನಲ್ಲಿ ಕಲಸಿ, ಆರಿದ ಒಲೆಯ ಪಕ್ಕದ ಬಿಸುಪಿನಲ್ಲಿಡಿ. ಚಳಿಗೆ ಗ್ಯಾಸ್ ಮಂದವಾಗಿ ಉರಿದರೆ ಸಿಲಿಂಡರನ್ನು ಬೆಂಕಿಯ ಹತ್ತಿರ ಸರಿಸುವ, ಕುದಿನೀರು ಸುರಿಯುವ ಸಾಹಸ ಮಾತ್ರ ಬೇಡ.

ಕೊನೆಯದಾಗಿ ಲೈನ್ ಮನೆಗಳ ಮಾತು. ಕೊಯ್ಲಿಗೆಂದು ದೂರದಿಂದ ಬಂದವರು ಮಲೆನಾಡಿನ ಚಳಿ ಕಂಡವರಲ್ಲ. ಒಂದೇ ಕೋಣೆಯಲ್ಲಿ ಅಡುಗೆ, ಅಲ್ಲೇ ಮಕ್ಕಳ ನಿದ್ದೆ. ಅವರಿಗೆ “ಕೆಂಡ ಇಡಬೇಡಿ” ಎಂದು ಅಪ್ಪಣೆ ಕೊಟ್ಟರೆ ಸಾಲದು, ಕಂಬಳಿಯನ್ನೂ ಕೊಡಬೇಕು. ಗೋಡೆಯ ಮೇಲ್ಭಾಗದಲ್ಲಿ ಎದುರುಬದುರಾಗಿ ಎರಡು ಗಾಳಿಕಿಂಡಿ ತೆಗೆಸಬೇಕು. ಗಾರೆಯವನ ಒಂದೆರಡು ದಿನದ ಕೆಲಸ ಇದು. ಕಾಫಿಗೆ ಟಾರ್ಪಾಲು ಕೊಳ್ಳುವ ಕೈ ಇದಕ್ಕೂ ಹಿಂದೆಗೆಯದೆಂದು ನಂಬಿದ್ದೇವೆ. ಸದಸ್ಯ ಬಾಂಧವರು ಈ ವಾರವೇ ತಮ್ಮ ಮನೆಯ ಚಿಮಣಿಯನ್ನೂ ಲೈನಿನ ಗೋಡೆಯನ್ನೂ ಒಮ್ಮೆ ಖುದ್ದಾಗಿ ನೋಡಿ ಬರಲಿ.